ಮೀಸೆ ಮಾಮನ ಪಕ್ಕದ ಲೋಟ

ನಮ್ಮ ಮನೆಯ ಒಳ್ಳೆಯ ಜಾಗದಲ್ಲಿ ವಾಸವಾಗಿದ್ದವರು ನಾವಲ್ಲ, ಮೀಸೆ ಮಾಮ. ಮದರಾಸಿನ ವೆಸ್ಟ್ ಮಾಂಬಳದ ಆ ಬಾಡಿಗೆ ಮನೆಯ ಹಾಲಿನಲ್ಲಿ ಒಂದು ಗೋಡೆಗೆ ಮಾತ್ರ ಬಿಸಿಲು ಹೊಡೆಯುತ್ತಿರಲಿಲ್ಲ, ಮಳೆ ಬಂದರೆ ಸೋರುತ್ತಿರಲಿಲ್ಲ, ಫ್ಯಾನಿನ ಗಾಳಿ ನೇರವಾಗಿ ಬರುತ್ತಿತ್ತು. ಮೊದಲು ಆ ಗೋಡೆಗೆ ತಾಗಿ ಚಿಕ್ಕಜ್ಜಿಯ ಮಂಚ ಇತ್ತು. ನನಗೆ ಏಳೆಂಟು ವರ್ಷವಿದ್ದಾಗ ಅಪ್ಪ ಬಡಗಿಯನ್ನು ಕರೆಸಿ ಅಲ್ಲಿ ನೆಲದಿಂದ ಸೂರಿನವರೆಗೆ ಗಾಜಿನ ಬೀರು ಮಾಡಿಸಿದ, ಒಳಗೆ ಟ್ಯೂಬ್‌ಲೈಟು ಹಾಕಿಸಿದ, ಬೀಗ ಹಾಕಿಸಿದ. ಮಂಚ ಅಡಿಗೆಮನೆಗೂ ಹಿತ್ತಿಲ ಬಾಗಿಲಿಗೂ ನಡುವಿನ ಇಕ್ಕಟ್ಟಿಗೆ ಹೋಯಿತು, ಫ್ರಿಜ್ಜಿನ ಪಕ್ಕಕ್ಕೆ. ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಆಕೆ ಕಾಲು ಮಡಚಿಕೊಳ್ಳಬೇಕಿತ್ತು. ಮಂಚ ಸರಿಸಿದ ದಿನ ಅಪ್ಪ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

“ಬಚ್ಚಲಿಗೆ ಹತ್ರ ಆಯ್ತು ನೋಡು ಚಿಕ್ಕಮ್ಮ. ನಿಂಗೇ ಅನುಕೂಲ.”

ಚಿಕ್ಕಜ್ಜಿ ‘ಹೂಂ’ ಅಂದಳು. ಆ ಮಾತು ನೆನಪಾದರೆ ಇವತ್ತಿಗೂ ನನ್ನ ಹಲ್ಲು ತಾನಾಗಿಯೇ ಕಚ್ಚಿಕೊಳ್ಳುತ್ತದೆ.

ಮೀಸೆ ಮಾಮ ಅಂದರೆ ಒಬ್ಬ ಬಿಳಿಯ ಸಿಪಾಯಿ, ವ್ಯಂಗ್ಯಚಿತ್ರದವನು. ಪೊರಕೆಯಂಥ ಮೀಸೆ, ಕುತ್ತಿಗೆಗೆ ಸುತ್ತಿದ ಮಫ್ಲರು, ದಪ್ಪ ಹೊಟ್ಟೆ. ಮಣ್ಣಿನ ಗುಂಡಿಯೊಳಗೆ ಕೂತಿರುತ್ತಾನೆ, ತಲೆಯ ಮೇಲೆ ಬಾಂಬು ಹಾರುತ್ತಿರುತ್ತದೆ, ಇವನು ಮಾತ್ರ ಜಾಮಿನ ಬಗ್ಗೆಯೋ ಹೊಗೆಸೊಪ್ಪಿನ ಬಗ್ಗೆಯೋ ಗೊಣಗುತ್ತಿರುತ್ತಾನೆ. ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಜನ ಅವನನ್ನು ಎಷ್ಟು ಮೆಚ್ಚಿದರೆಂದರೆ ತಟ್ಟೆ, ಕಪ್ಪು, ಬಿಸ್ಕತ್ತಿನ ಡಬ್ಬಿ, ಸಿಗರೇಟಿನ ಬೂದಿ ಕೊಡವುವ ಬಟ್ಟಲು, ಕರವಸ್ತ್ರ, ಎಲ್ಲದರ ಮೇಲೂ ಅವನನ್ನೇ ಅಚ್ಚು ಹಾಕಿಸಿದರು. ಆ ಸಾಮಾನೆಲ್ಲ ದೊರೆಗಳ ಜೊತೆ ಮದರಾಸಿಗೆ ಬಂದು, ದೊರೆಗಳು ಹೋದ ಮೇಲೆ ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಧೂಳು ತಿಂದು, ಕೊನೆಗೆ ಪಲ್ಲಾವರಂ ಸಂತೆಯ ಗೋಣಿತಾಟಿನ ಮೇಲೆ ಬಂದು ಬೀಳುತ್ತಿದ್ದವು. ಅಲ್ಲಿಂದ ನಮ್ಮ ಮನೆಗೆ. ಬಂದವರಿಗೆಲ್ಲ ಅಪ್ಪ ಒಂದೊಂದು ಚಿತ್ರದ ನಗೆಮಾತನ್ನೂ ಬಿಡಿಸಿ ಹೇಳುತ್ತಿದ್ದ. ಬಿಡಿಸಿ ಹೇಳಿದ ಮೇಲೆ ಯಾವ ನಗೆಮಾತಿಗೆ ನಗು ಬರುತ್ತದೆ? ಆದರೂ ಅವರು ನಗುತ್ತಿದ್ದರು, ಕಾಫಿ ಇನ್ನೂ ಬಂದಿರುತ್ತಿರಲಿಲ್ಲವಲ್ಲ.

ಅಪ್ಪನಿಗೆ ವಿಮಾ ಕಂಪನಿಯಲ್ಲಿ ಕೆಲಸ. ಶುಕ್ರವಾರ ಬಂತೆಂದರೆ ಪರ್ಮಿಷನ್ ಹಾಕಿ ಎಲೆಕ್ಟ್ರಿಕ್ ಟ್ರೈನು ಹತ್ತಿ ಪಲ್ಲಾವರಕ್ಕೆ ಹೋಗುತ್ತಿದ್ದ. ಶುಕ್ರವಾರ ನಮ್ಮ ಮನೆಯಲ್ಲಿ ಅಮ್ಮ ಹೊಸಿಲಿಗೆ ಅರಿಶಿನ ಹಚ್ಚಿ, ದೀಪ ಹಚ್ಚಿ, ಲಕ್ಷ್ಮಿ ಬರುತ್ತಾಳೆಂದು ಬಾಗಿಲು ತೆರೆದಿಡುವ ದಿನ. ಆ ಬಾಗಿಲಿನಿಂದ ಬರುತ್ತಿದ್ದವನು ದಿನತಂತಿ ಪೇಪರಿನಲ್ಲಿ ಸುತ್ತಿದ ಮೀಸೆ ಮಾಮ. ನಮ್ಮದು ಮಡಿಯ ಮನೆ. ಪಿಂಗಾಣಿ ಅಡಿಗೆಮನೆಯ ಹೊಸಿಲು ದಾಟುವಂತಿರಲಿಲ್ಲ. ಆದ್ದರಿಂದ ಅಪ್ಪ ಅವನ್ನು ಬಚ್ಚಲಲ್ಲಿ ಕೂತು ತೊಳೆಯುತ್ತಿದ್ದ, ಕೂಸಿಗೆ ಎರೆಯುವ ಹಾಗೆ, ಹತ್ತಿಯಲ್ಲಿ ಒರೆಸಿ ಒರೆಸಿ. ಅದೂ ಯಾವ ನೀರಿನಲ್ಲಿ? ನಮ್ಮ ಬೋರಿನ ನೀರು ಉಪ್ಪು. ಕುಡಿಯುವ ನೀರು ಲಾರಿಯಲ್ಲಿ ಬರಬೇಕು. ಬೇಸಿಗೆಯಲ್ಲಿ ಲಾರಿ ಬಂತೆಂದು ಕೂಗು ಬಿದ್ದರೆ ಅಮ್ಮ ಒಲೆ ಆರಿಸಿ, ಪ್ಲಾಸ್ಟಿಕ್ ಬಿಂದಿಗೆ ಹಿಡಿದು ಬೀದಿಗೆ ಓಡಬೇಕು, ತಮಿಳಿನಲ್ಲಿ ನಾಲ್ಕು ಮಾತು ಬೈದು ನಾಲ್ಕು ಮಾತು ಬೈಸಿಕೊಂಡು ಬರಬೇಕು.

“ಏನ್ರೀ, ಲಾರಿ ನೀರಲ್ಲಿ ಆ ಮೀಸೆಗೆ ಅಭಿಷೇಕ ಮಾಡ್ತಿದೀರಾ?”

“ಉಪ್ಪು ನೀರಲ್ಲಿ ತೊಳೆದ್ರೆ ಕಲೆ ನಿಲ್ಲತ್ತೆ ಕಣೇ. ಒಂದು ಬಕೆಟ್ ತಾನೇ.”

“ಆ ಒಂದು ಬಕೆಟ್ ಹೊತ್ತವಳು ನಾನು. ನಿಮ್ಮ ಮೀಸೆ ಬಂದು ಕ್ಯೂನಲ್ಲಿ ನಿಂತಿದ್ದನಾ?”

ಅಪ್ಪ ಇನ್ನೊಂದು ತಟ್ಟೆ ಎತ್ತಿಕೊಳ್ಳುತ್ತಿದ್ದ. ಜಗಳಕ್ಕೆ ಬಾರದ ಗಂಡಸು ಒಳ್ಳೆಯವನು ಅಂತ ನಮ್ಮ ನೆಂಟರೆಲ್ಲ ಹೇಳುತ್ತಿದ್ದರು. ಜಗಳಕ್ಕೆ ಬಾರದೆ ತನಗೆ ಬೇಕಾದ್ದನ್ನೇ ಮಾಡುವವನ ಜೊತೆ ಅವರಲ್ಲಿ ಯಾರೂ ಒಂದು ವಾರ ಇರಲಿಲ್ಲ.

ಚಿಕ್ಕಜ್ಜಿ ಅಪ್ಪನ ಚಿಕ್ಕಪ್ಪನ ಹೆಂಡತಿ. ಅಪ್ಪನನ್ನು ಹೆತ್ತ ತಾಯಿ ಅವನು ಕೈಗೂಸಾಗಿದ್ದಾಗಲೇ ತೀರಿಕೊಂಡಿದ್ದರಿಂದ ಎತ್ತಿ ಆಡಿಸಿ ಸಾಕಿದವಳು ಈಕೆಯೇ. ಆಕೆಗೆ ಮದುವೆಯಾಗಿ ನೆಟ್ಟಗೆ ಸಂಸಾರ ಹೂಡುವ ಮೊದಲೇ ಗಂಡ ಹೊಟ್ಟೆಪಾಡಿಗೆಂದು ಸೈನ್ಯ ಸೇರಿದ, ಎರಡನೇ ಮಹಾಯುದ್ಧದ ಕಾಲ. ಬಂದೂಕು ಹಿಡಿಯುವ ಕೆಲಸವಲ್ಲ, ಉಗ್ರಾಣದಲ್ಲಿ ಅಕ್ಕಿ ಬೇಳೆ ಅಳೆಸುವ ಗುಮಾಸ್ತೆ. ಬರ್ಮಾಕ್ಕೆ ಕಳಿಸಿದರು. ಅವನು ತಿರುಗಿ ಬರಲಿಲ್ಲ. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಜೊತೆಗಿದ್ದ ಯಾರೋ ಪುಣ್ಯಾತ್ಮ ಮದರಾಸಿನವರೆಗೆ ಬಂದು ಅವನ ಅಲ್ಯೂಮಿನಿಯಂ ಲೋಟವನ್ನು ತಲುಪಿಸಿ ಹೋದನಂತೆ, ಹಿಡಿ ಇದ್ದ ಮಿಲಿಟರಿ ಲೋಟ. ಅಲ್ಯೂಮಿನಿಯಂ ಮಡಿಗೆ ಬಾರದು, ಅದರಲ್ಲೂ ಸತ್ತವನದು, ಎಂದು ಆಕೆಯ ಅತ್ತೆ ಅದನ್ನು ಹಿತ್ತಿಲಿಗೆ ಎಸೆದಳು. ಚಿಕ್ಕಜ್ಜಿ ಎತ್ತಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟುಕೊಂಡು, ವರ್ಷಾನುಗಟ್ಟಲೆ ದಿನವೂ ಹಿತ್ತಿಲಲ್ಲೇ ನಿಂತು ಅದರಲ್ಲಿ ಕಾಫಿ ಕುಡಿದಳು. ನಮ್ಮಮ್ಮ ಸೊಸೆಯಾಗಿ ಬಂದ ಮೇಲೆ ಒಂದು ದಿನ ಆ ಲೋಟವನ್ನು ತಾನೇ ಒಳಗೆ ತಂದು ಅಡಿಗೆಮನೆಯ ಗೂಡಿನಲ್ಲಿ ಇಟ್ಟಳಂತೆ. ಅಮ್ಮ ಆ ಮನೆಯಲ್ಲಿ ಗೆದ್ದ ಜಗಳ ಅದೊಂದೇ ಇರಬೇಕು.

ಬೆಳಿಗ್ಗೆ ಚಿಕ್ಕಜ್ಜಿ ಸ್ನಾನ ಮಾಡಿ ಬಂದು ಹುಣಸೆಹಣ್ಣು ಹಾಕಿ ಆ ಲೋಟ ತಿಕ್ಕುತ್ತಿದ್ದಳು. ಅಮ್ಮ ಕಾಫಿ ಬಗ್ಗಿಸುತ್ತಿದ್ದಳು. ಆಕೆ ಅದನ್ನು ಮುಂದಿಟ್ಟುಕೊಂಡು, ತೊಡೆಯ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ಹಬೆ ಅಡಗಿದ ಮೇಲೆ ಕುಡಿಯುತ್ತಿದ್ದಳು. ಏಕಾದಶಿಯ ದಿನ ಆಕೆಗೆ ಕಾಫಿ ಇಲ್ಲ, ನೀರೂ ಇಲ್ಲ. ಆದರೂ ಲೋಟ ತುಂಬಬೇಕು, ಸ್ವಲ್ಪ ಹೊತ್ತಿನ ಮೇಲೆ ಅದನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದಳು. ನಾನಾಗ ಶಾಲೆಯ ತಮಿಳು, ಇಂಗ್ಲಿಷಿನ ಹುಡುಗಿ. ಮನೆಯವರು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವವಳು.

“ಪಾಟ್ಟಿ, ಕಾಪಿ ಆರಿ ಪೋಚು. ಕುಡಿ.”

“ಮೊದ್ಲು ಕೇಳಿದವರಿಗೆ ಮೊದ್ಲು. ಬಾ ಇಲ್ಲಿ, ಓದು ಇದನ್ನ.”

ಲೋಟದ ಮೈಮೇಲೆ ಮೊಳೆಯಲ್ಲಿ ಗೀಚಿದ ಚಿತ್ರವಿತ್ತು. ಗೋಣಿಚೀಲದ ಮೇಲೆ ಕೂತ ಸಣಕಲು ಸಿಪಾಯಿ. ತಲೆಗೆ ದೊಡ್ಡದಾದ ಕಬ್ಬಿಣದ ಟೋಪಿ, ಅದರ ಹಿಂದೆ ಇಳಿಬಿದ್ದ ಜುಟ್ಟು. ಕೈಯಲ್ಲಿ ಲೋಟ ಬೋರಲು ಹಿಡಿದು ಅದರೊಳಗೆ ಇಣುಕಿ ನೋಡುತ್ತಿದ್ದಾನೆ. ಕೆಳಗೆ ದುಂಡು ದುಂಡಾಗಿ ಏನೋ ಬರೆದಿತ್ತು. ಚಿಕ್ಕಜ್ಜಿ ನನ್ನ ಬೆರಳು ಹಿಡಿದು ಆ ಗೀರುಗಳ ಮೇಲೆ ಓಡಿಸಿದಳು. ಕಾ. ಫಿ. ಯಾ. ವಾ. ಗ. ನನ್ನ ಕನ್ನಡದ ಅಕ್ಷರಾಭ್ಯಾಸ ಆದದ್ದು ಹೀಗೆ, ಅಕ್ಕಿಯ ಮೇಲಲ್ಲ, ಸ್ಲೇಟಿನ ಮೇಲಲ್ಲ. ಅಲ್ಲಿಂದ ಪಂಚಾಂಗ, ಅಲ್ಲಿಂದ ದೇವರನಾಮದ ಪುಸ್ತಕ. ಇಂದು ನಾನು ಈ ಸಾಲನ್ನು ಕನ್ನಡದಲ್ಲಿ ಬರೆಯುತ್ತಿದ್ದರೆ ಅದು ಆ ಲೋಟದ ಕಾಫಿಯ ಋಣ.

“ಅವರು ಕೇಳಿದ್ದು ಇದೊಂದೇ ಕಣೇ ನನ್ನ. ಸೀರೆ ತರ್ತೀನಿ, ಒಡವೆ ತರ್ತೀನಿ ಅಂತ ಏನೂ ಹೇಳಿ ಹೋಗ್ಲಿಲ್ಲ. ಕಾಫಿ ಕೇಳಿದಾರೆ, ಕೊಡ್ತಿದೀನಿ.”

ಕಾರ್ಗಿಲ್ ಯುದ್ಧ ನಡೆದ ಬೇಸಿಗೆ. ಟಿವಿಯಲ್ಲಿ ದಿನವೂ ಬಾವುಟ ಹೊದಿಸಿದ ಪೆಟ್ಟಿಗೆಗಳನ್ನು ತೋರಿಸುತ್ತಿದ್ದರು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಚಿಕ್ಕಜ್ಜಿ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿ, “ಈಗ ಪೆಟ್ಟಿಗೆನಾದ್ರೂ ಬರತ್ತೆ” ಅಂದಳು. ಅದೇ ಹಾಲಿನಲ್ಲಿ, ಅದೇ ಹೊತ್ತಿಗೆ, ಅಪ್ಪ ಒಂದು ತಟ್ಟೆಯ ಅಂಚಿಗೆ ಹತ್ತಿ ಒತ್ತುತ್ತ ಕೂತಿದ್ದ. ಗುಂಡಿಯೊಳಗಿನ ಮೀಸೆ ಮಾಮ ನಗುತ್ತಿದ್ದ. ಅಪ್ಪನ ಕಿವಿಗೆ ಆ ಮಾತು ಬಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬಿದ್ದಿದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದು ಮುಂದೆ ಗೊತ್ತಾಯಿತು.

ಅದೇ ವರ್ಷ ಮಳೆಗಾಲದಲ್ಲಿ ಅಮ್ಮ ಜ್ವರ ಬಂದು ಮಲಗಿದಳು. ಅಪರೂಪಕ್ಕೆ ಅಪ್ಪ ಹಾಲು ಕಾಯಿಸಲು ಅಡಿಗೆಮನೆಗೆ ಹೋದ. ತನ್ನನ್ನು ಸಾಕಿದವಳ ಕೈಯಲ್ಲಿ ಜೀವಮಾನವೆಲ್ಲ ಕಂಡಿದ್ದ ಆ ಲೋಟವನ್ನು ಅವನು ಅವತ್ತು ಮೊದಲ ಸಲ ತಿರುಗಿಸಿ ನೋಡಿದ. ಸಂತೆಯಲ್ಲಿ ಮಂಡಿಯೂರಿ ತುಕ್ಕು ಹಿಡಿದ ಡಬ್ಬಿಗಳ ತಳ ನೋಡುತ್ತಿದ್ದ ಮನುಷ್ಯ ಅಡಿಗೆಮನೆಯ ಗೂಡಿಗೆ ಕಣ್ಣು ಹಾಯಿಸಿರಲಿಲ್ಲ. ಚಿಕ್ಕಜ್ಜಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ಲೋಟ ಗಾಜಿನ ಬೀರುವಿನ ನಡುವಿನ ಹಲಗೆಯ ಮೇಲೆ, ಎರಡು ಪಿಂಗಾಣಿ ತಟ್ಟೆಗಳ ಮಧ್ಯೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೂತಿತ್ತು.

“ನೋಡು ಚಿಕ್ಕಮ್ಮ, ಎಂಥಾ ಜಾಗ ಕೊಟ್ಟಿದೀನಿ ನಿನ್ನ ಲೋಟಕ್ಕೆ.”

ಆಕೆ ಗಾಜಿನ ಹತ್ತಿರ ಹೋಗಿ ನೋಡಿದಳು. ಮುಟ್ಟಲಿಲ್ಲ.

“ಆ ತಟ್ಟೆಗಳಲ್ಲಿ ಏನೇನು ತಿಂದಿದಾರೋ. ಅದರ ಮಧ್ಯೆ ಇಟ್ಟೆಯಲ್ಲೋ. ತೆಗಿ, ತೊಳ್ಕೋತೀನಿ.”

“ತೊಳೆದೂ ತೊಳೆದೂ ಅರ್ಧ ಚಿತ್ರ ಹೋಗಿದೆ. ಹುಣಸೆಹಣ್ಣಿನ ಹುಳಿಗೆ ಇನ್ನೇನು ಉಳಿಯತ್ತೆ? ನಾನು ಉಳಿಸ್ತಿದೀನಿ ಚಿಕ್ಕಮ್ಮ.”

“ಯಾರಿಗೆ?”

“ಎಲ್ಲರಿಗೂ.”

“ನಾನು ಎಲ್ಲರಲ್ಲಿ ಇಲ್ವಾ, ವೆಂಕಟು?”

ಅಪ್ಪ ಬೀಗ ಹಾಕಿದ. ಮೆಲ್ಲಗೆ ಹಾಕಿದ, ಬೈಯಲಿಲ್ಲ, ದನಿ ಎತ್ತರಿಸಲಿಲ್ಲ. ಅದಕ್ಕೇ ನನಗೆ ಇನ್ನೂ ಹೆಚ್ಚು ಉರಿಯುತ್ತದೆ. ಚಿಕ್ಕಜ್ಜಿ ಅವತ್ತು ಕಾಫಿ ಬೇಡವೆಂದಳು. ಮರುದಿನವೂ ಬೇಡವೆಂದಳು. ಅಮ್ಮ ಜ್ವರದಿಂದ ಎದ್ದವಳೇ ವಿಷಯ ತಿಳಿದು, ಕಾಫಿ ಫಿಲ್ಟರನ್ನು ತೊಳೆದು ಒರೆಸಿ ಅಟ್ಟದ ಮೇಲೆ ಬೋರಲು ಹಾಕಿದಳು.

“ಚಿಕ್ಕತ್ತೆಗೆ ಇಲ್ಲದ ಕಾಫಿ ಈ ಮನೇಲಿ ಯಾರಿಗೂ ಇಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರೆ, ನೀವು ಗಿಡದ ಬುಡಕ್ಕೇ ಕೊಡಲಿ ಹಾಕಿದಿರಿ.”

ಅಪ್ಪ ಮೂಲೆಯ ಮೆಸ್ಸಿನಲ್ಲಿ ಕಾಫಿ ಕುಡಿದು ಆಫೀಸಿಗೆ ಹೋಗತೊಡಗಿದ.

ಆ ಭಾನುವಾರ ಅಪ್ಪನ ಹಾಗೆಯೇ ಹಳೆಯ ಸಾಮಾನು ಕೂಡಿಡುವ ಗೆಳೆಯರು ಹೊಸ ಲೋಟ ನೋಡಲು ಬಂದರು. ಅವರಲ್ಲಿ ಒಬ್ಬ ನಿವೃತ್ತ ಅಧಿಕಾರಿ, ಎಲ್ಲರೂ ‘ಸಾರ್’ ಅನ್ನುತ್ತಿದ್ದರು, ಅವರು ತಲೆಯಾಡಿಸಿದ್ದೇ ಅಸಲಿ, ಆಡಿಸದ್ದು ನಕಲಿ. ಅಮ್ಮ ಒಳಗಿನಿಂದ ಬರಲಿಲ್ಲ. ಅಪ್ಪ ಮೆಸ್ಸಿನಿಂದ ಫ್ಲಾಸ್ಕಿನಲ್ಲಿ ಕಾಫಿ ತರಿಸಿದ್ದ. ಲೋಟದ ಮುಂದೆ ಇಂಗ್ಲಿಷಿನಲ್ಲಿ ಟೈಪು ಮಾಡಿಸಿದ ಚೀಟಿಯೊಂದು ಹೊಸದಾಗಿ ನಿಂತಿತ್ತು. ನಾನು ಓದಿದೆ. ಬರ್ಮಾ ರಣರಂಗದ ಲೋಟ, ಬರ್ಮಾದ ಸೈನಿಕನೊಬ್ಬನ ಕೈಚಿತ್ರ, ಕೆಳಗೆ ಬರ್ಮಾ ಭಾಷೆಯ ಬರಹ, ಕಲಾವಿದ ಯಾರೆಂದು ತಿಳಿಯದು, ಎಂದಿತ್ತು.

ಅಪ್ಪ ಹುಟ್ಟಿದ್ದು ಮದರಾಸಿನಲ್ಲಿ, ಓದಿದ್ದು ಮದರಾಸಿನಲ್ಲಿ. ಮನೆಯಲ್ಲಿ ಆಡುವುದು ಕನ್ನಡ, ಸಂಕಲ್ಪ ಮಾಡುವುದು ಸಂಸ್ಕೃತದಲ್ಲಿ, ಅದೂ ಬಾಯಿಪಾಠ. ಕನ್ನಡದ ಒಂದು ಅಕ್ಷರ ಅವನಿಗೆ ಬರುತ್ತಿರಲಿಲ್ಲ. ದುಂಡಗಿನ ಬರಹ ಕಂಡು ಬರ್ಮಾದ್ದೆಂದುಕೊಂಡ. ಜುಟ್ಟು ಕಂಡು ಬರ್ಮಾದವರ ತುರುಬು ಎಂದುಕೊಂಡ. ತನ್ನ ಚಿಕ್ಕಪ್ಪನಿಗೂ ಜುಟ್ಟಿದ್ದಿರಬೇಕು ಅಂತ ಹೊಳೆಯಲಿಲ್ಲ. ಇಷ್ಟನ್ನು ನಾನು ಕ್ಷಮಿಸಬಲ್ಲೆ, ಊರು ಬಿಟ್ಟವರ ಮನೆಯಲ್ಲಿ ಅಕ್ಷರ ಮೊದಲು ಸಾಯುತ್ತದೆ. ಆದರೆ ಕೇಳಬಹುದಿತ್ತಲ್ಲ. ಕೇಳಬೇಕಾದವಳು ಫ್ರಿಜ್ಜಿನ ಪಕ್ಕದಲ್ಲೇ ಕೂತಿದ್ದಳು.

“ಅಂಕಲ್, ಅದು ಬರ್ಮೀಸ್ ಅಲ್ಲ. ಕನ್ನಡ. ಕಾಫಿ ಯಾವಾಗ ಅಂತ ಬರೆದಿದೆ,” ಎಂದೆ. ಕನ್ನಡದಲ್ಲೇ ಎಂದೆ, ಬಹುಶಃ ಹೊರಗಿನವರ ಎದುರು ಮೊದಲ ಸಲ.

ಕನ್ನಡ ಅಷ್ಟಾಗಿ ಬಾರದ ಸಾರ್ ನಕ್ಕು ಅಪ್ಪನ ಮುಖ ನೋಡಿದರು. ಅಪ್ಪ ತಮಿಳಿನಲ್ಲಿ ಹೇಳಿದ.

“ಅವಳಿಗೆ ಕನ್ನಡ ಓದಕ್ಕೆ ಬರಲ್ಲ ಸಾರ್. ಸ್ಕೂಲಲ್ಲಿ ತಮಿಳು. ಚುಮ್ಮಾ ಏನೋ ಹೇಳ್ತಾಳೆ.”

“ಬರತ್ತೆ. ಚಿಕ್ಕಜ್ಜಿ ಹೇಳ್ಕೊಟ್ಟಿದಾಳೆ. ಇದರಲ್ಲೇ ಹೇಳ್ಕೊಟ್ಟಿದ್ದು.”

ಎಲ್ಲರೂ ತಿರುಗಿ ನೋಡಿದರು. ಚಿಕ್ಕಜ್ಜಿ ಹಾಲಿನ ಬಾಗಿಲಿಗೆ ಬಂದು ನಿಂತಿದ್ದಳು, ಸೆರಗು ತಲೆಯ ಮೇಲೆಳೆದುಕೊಂಡು. ಪರಗಂಡಸರ ಎದುರು ಆಕೆ ಹಾಗೆ ಬಂದು ನಿಂತದ್ದನ್ನು ನಾನು ನೋಡಿರಲಿಲ್ಲ.

“ಮಗು ಹೇಳಿದ್ದು ಸರಿ ಕಣೋ ವೆಂಕಟು. ನಿನ್ನ ಚಿಕ್ಕಪ್ಪ ಗೀಚಿದ್ದು. ಅಲ್ಲಿ ಬರೀ ಟೀ ಕೊಡ್ತಿದ್ದರಂತೆ, ಲೋಟ ತಂದುಕೊಟ್ಟೋರು ಹೇಳಿದರು.”

ಅಪ್ಪ ಲೋಟದ ಕಡೆ ನೋಡಿದ. ಆ ಗಳಿಗೆಯಲ್ಲಿ ಅವನು ಏನು ಬೇಕಾದರೂ ಹೇಳಬಹುದಿತ್ತು. ಅವನು ಸಾರ್ ಕಡೆ ತಿರುಗಿ, ಇಂಗ್ಲಿಷಿನಲ್ಲಿ, ಮುದುಕಿಗೆ ವಯಸ್ಸಾಯಿತು, ಗಂಡನ ನೆನಪು, ಏನೇನೋ ಕಲ್ಪಿಸಿಕೊಳ್ಳುತ್ತಾಳೆ ಎಂದ. ಚಿಕ್ಕಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಸಾರ್ ತಲೆಯಾಡಿಸಿದರು. ಫ್ಲಾಸ್ಕಿನ ಕಾಫಿ ಪಿಂಗಾಣಿ ಕಪ್ಪುಗಳಿಗೆ ಬಿತ್ತು. ಚಿಕ್ಕಜ್ಜಿ ಅವನ ಮುಖವನ್ನೇ ನೋಡುತ್ತ, ಅವನು ತನ್ನ ಮಾತನ್ನೇ ಅವರಿಗೆ ತಿಳಿಸಿ ಹೇಳಿದನೆಂದುಕೊಂಡು, ಸಮಾಧಾನದಿಂದ ಒಳಗೆ ಹೋದಳು. ಆಕೆಯ ಆ ಸಮಾಧಾನವನ್ನು ನೆನೆದರೆ ನನಗೆ ಇವತ್ತಿಗೂ ಏನನ್ನಾದರೂ ಎತ್ತಿ ಗೋಡೆಗೆ ಹೊಡೆಯಬೇಕೆನಿಸುತ್ತದೆ.

ಅವರೆಲ್ಲ ಹೋದ ಮೇಲೆ ಅಪ್ಪ ನನ್ನನ್ನು ಕರೆದು ಬೀರುವಿನ ಮುಂದೆ ನಿಲ್ಲಿಸಿಕೊಂಡು ಇನ್ನೊಮ್ಮೆ ಓದಿಸಿದ. ಒಂದೊಂದೇ ಅಕ್ಷರ. ಅವನಿಗೆ ತಿಳಿಯಿತು. ಆದರೂ ಚೀಟಿ ಬದಲಾಗಲಿಲ್ಲ.

“ಎಲ್ಲರ ಮುಂದೆ ಹೇಳಿಬಿಟ್ಟಿದೀನಲ್ಲೇ. ಈಗ ನಮ್ಮನೆ ಕಾಫಿ ಲೋಟ ಅಂದ್ರೆ ನಗ್ತಾರೆ.”

ನಗಿಸುವುದಕ್ಕೆಂದೇ ಹುಟ್ಟಿದ ಚಿತ್ರಗಳನ್ನು ಬೀರು ತುಂಬ ಇಟ್ಟುಕೊಂಡವನಿಗೆ, ನಾಲ್ಕು ಜನ ನಕ್ಕಾರೆಂಬ ಭಯ.

ಒಂದು ಸಲ, ಒಂದೇ ಸಲ, ಅವನು ಬೀಗದ ಕೈ ಹಿಡಿದು ಚಿಕ್ಕಜ್ಜಿಯ ಮಂಚದ ಹತ್ತಿರ ಬಂದ. ಬೆಳಿಗ್ಗೆ ತೆಗೆದುಕೊಂಡು ಕುಡಿದು ವಾಪಸ್ ಇಡು, ಹುಣಸೆಹಣ್ಣು ಮಾತ್ರ ಮುಟ್ಟಿಸಬೇಡ ಎಂದ. ಇದು ಅವನ ಲೆಕ್ಕದಲ್ಲಿ ದೊಡ್ಡ ಉಪಕಾರ.

“ಅವುಗಳ ಮಧ್ಯೆ ಇದ್ದಿದ್ದನ್ನ ತಿಕ್ಕದೆ ಅವರ ಮುಂದೆ ಹೇಗಿಡ್ಲಿ? ಬೇಡ ಬಿಡೋ. ನಿನ್ನ ಹತ್ರಾನೇ ಇರ್ಲಿ.”

ಅಮ್ಮನ ಹಟವನ್ನು ಮುರಿದವಳೂ ಚಿಕ್ಕಜ್ಜಿಯೇ. ಮೆಸ್ಸಿನ ಚಿಕೋರಿ ಕಾಫಿ ಕುಡಿದು ಅಪ್ಪನಿಗೆ ತಲೆನೋವು ಬಂತು. ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದನ್ನು ನೋಡಿ ಆಕೆ ಅಮ್ಮನ ಹತ್ತಿರ ಹೋಗಿ, “ಫಿಲ್ಟರ್ ಇಳಿಸೇ. ಅವನಿಗೆ ಚಿಕ್ಕಂದಿನಿಂದ ಮನೆ ಕಾಫಿನೇ ಆಗಬೇಕು” ಅಂದಳು. ಅಮ್ಮ ಅಳುತ್ತ ಇಳಿಸಿದಳು. ಅಪ್ಪ ಎದ್ದು ಕೂತು ಕುಡಿದ, ಚೆನ್ನಾಗಿದೆ ಎಂದ. ಚಿಕ್ಕಜ್ಜಿ ಮಾತ್ರ ಮತ್ತೆ ಕಾಫಿ ಮುಟ್ಟಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಜಾಗದಲ್ಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂರುತ್ತಿದ್ದಳು, ಮುಂದೆ ಏನೂ ಇರುತ್ತಿರಲಿಲ್ಲ. ನಾನು ಕಾಲೇಜು ಸೇರಿದ ವರ್ಷ ಫ್ರಿಜ್ಜಿನ ಪಕ್ಕದ ಆ ಮಂಚದ ಮೇಲೆಯೇ ತೀರಿಕೊಂಡಳು. ಹಾಲಿನಲ್ಲಿ ಮಲಗಿಸಿದರು. ಬೀರುವಿನ ಟ್ಯೂಬ್‌ಲೈಟನ್ನು ಯಾರೋ ಆರಿಸಿದರು.

ಅಮ್ಮನೂ ಹೋದ ಮೇಲೆ ಅಪ್ಪ ವೇಳಚ್ಚೇರಿಯ ನನ್ನ ಫ್ಲ್ಯಾಟಿಗೆ ಬಂದ. ನನ್ನ ಮನೆಯಲ್ಲಿ ಆ ಬೀರುವಿಗೆ ಜಾಗವಿಲ್ಲವೆಂದು ಹೇಳಿದೆ. ಜಾಗವಿತ್ತು, ಹೇಳಿದೆ ಅಷ್ಟೆ. ಮೀಸೆ ಮಾಮನನ್ನೆಲ್ಲ ಒಟ್ಟಾಗಿ ಕೊಳ್ಳಲು ಬಂದವರು ಮೊದಲು ಕೈ ಚಾಚಿದ್ದು ಲೋಟಕ್ಕೆ. ನಾನು ಚೀಟಿಯನ್ನು ಅವರಿಗೆ ಕೊಟ್ಟು ಲೋಟವನ್ನು ಚೀಲಕ್ಕೆ ಹಾಕಿಕೊಂಡೆ.

ಈಗ ದಿನವೂ ಬೆಳಿಗ್ಗೆ ಅದನ್ನು ತಿಕ್ಕುತ್ತೇನೆ, ಹುಣಸೆಹಣ್ಣು ಹಾಕಿ, ಹೆಬ್ಬೆರಳು ಒತ್ತಿ. ನನಗೆ ಮಡಿಯಲ್ಲಿ ನಂಬಿಕೆಯಿಲ್ಲ. ಆದರೂ ತಿಕ್ಕುತ್ತೇನೆ. ಜುಟ್ಟು ಅಳಿಸಿಹೋಗಿದೆ, ಗೋಣಿಚೀಲ ಹೋಗಿದೆ, ಅಕ್ಷರಗಳನ್ನು ಬೆರಳಿಗೆ ಗೊತ್ತಿದ್ದರೆ ಮಾತ್ರ ಓದಬಹುದು. ಊಟದ ಮೇಜಿನ ಹತ್ತಿರ ಕೂತ ಅಪ್ಪ ಪ್ರತಿ ಉಜ್ಜಿಗೂ ಮುಖ ಹಿಂಡುತ್ತಾನೆ. ಮೊದಮೊದಲು “ಮೆಲ್ಲಗೆ ಕಣೇ” ಎನ್ನುತ್ತಿದ್ದ. ಈಗ ಅನ್ನುವುದಿಲ್ಲ. ಕಾಫಿ ಬಗ್ಗಿಸಿ ಲೋಟವನ್ನು ಕಿಟಕಿಯ ಹತ್ತಿರ ಇಡುತ್ತೇನೆ. ಹಬೆ ಅಡಗುವವರೆಗೆ ಕಾಯುತ್ತೇನೆ. ಆಮೇಲೆ ಕುಡಿಯುತ್ತೇನೆ. ಮೊನ್ನೆ ಅಪ್ಪ, ಎಂಬತ್ತಕ್ಕೆ ಹತ್ತಿರವಾದವನು, ಕೇಳಿದ.

“ಸುಧಾ, ಒಂದಿನ ನಂಗೂ ಅದರಲ್ಲಿ ಕಾಫಿ ಕೊಡೇ. ಎತ್ತಿ ಆಡಿಸಿದವಳ ಲೋಟ.”

ಅವನ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರಲ್ಲ. ನನಗೆ ಕರಗಬೇಕೆನಿಸಲಿಲ್ಲ, ಕರಗಲೂ ಇಲ್ಲ. ಸ್ಟೀಲ್ ಲೋಟದಲ್ಲಿ ಬಿಸಿ ಕಾಫಿ ಬಗ್ಗಿಸಿ, ಸಕ್ಕರೆ ಅವನಿಗೆ ಬೇಕಾದಷ್ಟೇ ಹಾಕಿ, ಅವನ ಮುಂದಿಟ್ಟೆ.

“ನಿಂದು ಇದು,” ಎಂದೆ. “ಆರಿ ಹೋಗತ್ತೆ, ಕುಡಿ.”